ಕೈಗೆ ಕಟ್ಟಿದ ವಾಚಿನ ಕ್ಯಾಲೊರಿ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಿನ ವಾಕಿಂಗ್ ಮುಗಿಸಿ ಚಹಾ ಅಂಗಡಿಯ ಮುಂದೆ ನಿಂತಾಗ ಎಲ್ಲರೂ ಒಮ್ಮೆ ಮಣಿಕಟ್ಟು ತಿರುಗಿಸಿ ನೋಡಿಕೊಳ್ಳುತ್ತಾರೆ. ಒಬ್ಬರಿಗೆ 310, ಜೊತೆಗೇ ನಡೆದವರಿಗೆ 190. ಆಮೇಲೆ ಶುರುವಾಗುತ್ತವೆ ಪ್ರಶ್ನೆಗಳು. ನಾಲ್ಕು ವರ್ಷದಿಂದ ವಾಚು ಕಟ್ಟಿಕೊಂಡು, ಅದರ ಅಂಕಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಬಂದವನು ನಾನು. ನನ್ನನ್ನು ಜನ ಕೇಳಿದ್ದನ್ನೂ, ನಾನೇ ತಲೆ ಕೆರೆದುಕೊಂಡಿದ್ದನ್ನೂ ಇಲ್ಲಿ ಒಟ್ಟು ಹಾಕಿದ್ದೇನೆ. ಇಲ್ಲಿ ಕ್ಯಾಲೊರಿ ಎಂದರೆ ವಾಚೂ ಆಹಾರದ ಪೊಟ್ಟಣವೂ ಹೇಳುವ ಕಿಲೋಕ್ಯಾಲೊರಿಯೇ.

ವಾಚು ಕ್ಯಾಲೊರಿಯನ್ನು ಅಳೆಯುತ್ತದೆಯೇ?

ಇಲ್ಲ. ಅದಕ್ಕೆ ಮುಖ್ಯವಾಗಿ ಗೊತ್ತಾಗುವುದು ಎರಡು ಸಂಗತಿ: ಮಣಿಕಟ್ಟು ಎಷ್ಟು ಅಲುಗಾಡಿತು, ಚರ್ಮದ ಕೆಳಗೆ ನಾಡಿ ಎಷ್ಟು ಸಲ ಬಡಿಯಿತು. ಅಲುಗಾಟವನ್ನು ಆಕ್ಸಿಲರೋಮೀಟರ್ ಹಿಡಿಯುತ್ತದೆ. ನಾಡಿಗೆ ವಾಚಿನ ಅಡಿಯಲ್ಲಿ ಮಿನುಗುವ ಹಸಿರು ದೀಪವಿದೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಪ್ರತಿ ಬಡಿತಕ್ಕೂ ರಕ್ತ ಉಕ್ಕಿದಾಗ ವಾಪಸ್ ಬರುವ ಬೆಳಕು ತುಸು ಕುಗ್ಗುತ್ತದೆ, ಆ ಏರಿಳಿತವನ್ನು ಎಣಿಸಿದರೆ ನಾಡಿಬಡಿತ. ಇವೆರಡರ ಜೊತೆಗೆ ನೀವು ಮೊದಲ ದಿನ ತುಂಬಿದ ವಯಸ್ಸು, ಎತ್ತರ, ತೂಕ, ಗಂಡೋ ಹೆಣ್ಣೋ ಎಂಬ ವಿವರ. ಉಳಿದದ್ದೆಲ್ಲ ಸೂತ್ರ. ಆ ಸೂತ್ರವನ್ನು ಕಂಪನಿಗಳು ಸಾಮಾನ್ಯವಾಗಿ ಪೂರ್ತಿ ಬಿಚ್ಚಿ ಹೇಳುವುದಿಲ್ಲ.

ಅಡುಗೆಮನೆಯ ಹೊರಗೆ ನಿಂತು, ಒಗ್ಗರಣೆಯ ಚಟಪಟ ಕೇಳಿಸಿಕೊಂಡು ಒಳಗೆ ಎಷ್ಟು ಎಣ್ಣೆ ಬಿತ್ತು ಎಂದು ಹೇಳಿದ ಹಾಗೆ ಇದು. ಅನುಭವಸ್ಥರು ಹತ್ತಿರ ಹತ್ತಿರ ಹೇಳಿಯಾರು. ಆದರೂ ಅಂದಾಜೇ.

ಹಾಗಾದರೆ ನಿಜವಾಗಿ ಅಳೆಯುವುದು ಹೇಗೆ?

ದೇಹ ಇಂಧನ ಸುಡಲು ಆಮ್ಲಜನಕ ಬೇಕು. ಒಂದು ಲೀಟರ್ ಆಮ್ಲಜನಕ ಬಳಕೆಯಾದರೆ ಸುಮಾರು 5 ಕ್ಯಾಲೊರಿ ಖರ್ಚಾಗಿದೆ ಎಂದು ಲೆಕ್ಕ. ಹಾಗಾಗಿ ಪ್ರಯೋಗಾಲಯದಲ್ಲಿ ಮುಖಕ್ಕೆ ಮಾಸ್ಕ್ ಹಾಕಿ ಒಳಹೋಗುವ, ಹೊರಬರುವ ಗಾಳಿಯನ್ನು ಅಳೆಯುತ್ತಾರೆ. ಇಡೀ ದಿನದ ಲೆಕ್ಕ ಬೇಕೆಂದರೆ ಗಾಳಿಯ ಪ್ರತಿ ಲೀಟರಿಗೂ ಲೆಕ್ಕವಿರುವ ಮುಚ್ಚಿದ ಕೋಣೆಯಲ್ಲಿ ಇರಿಸುತ್ತಾರೆ.

ಆದರೆ ಕೋಣೆಯಲ್ಲಿ ಕೂಡಿ ಹಾಕಿದರೆ ಯಾರೂ ಸಂತೆಗೆ ಹೋಗುವುದಿಲ್ಲ, ಬಸ್ಸಿನ ಹಿಂದೆ ಓಡುವುದಿಲ್ಲ. ಅದಕ್ಕೆ ಇರುವ ಉಪಾಯ ನನಗೆ ಬಹಳ ಇಷ್ಟ. ಹೈಡ್ರೋಜನ್ ಮತ್ತು ಆಮ್ಲಜನಕದ ಭಾರದ ಪರಮಾಣುಗಳಿರುವ ನೀರನ್ನು ಕುಡಿಸಿ, ವಾರ ಎರಡು ವಾರ ಮೂತ್ರದ ಮಾದರಿ ತೆಗೆದುಕೊಳ್ಳುತ್ತಾರೆ. ಭಾರದ ಹೈಡ್ರೋಜನ್ ನೀರಿನ ರೂಪದಲ್ಲಷ್ಟೇ ಮೈಯಿಂದ ಹೊರಬೀಳುತ್ತದೆ. ಭಾರದ ಆಮ್ಲಜನಕ ನೀರಿನ ಜೊತೆಗೂ ಹೋಗುತ್ತದೆ, ಉಸಿರಿನ ಇಂಗಾಲದ ಡೈಆಕ್ಸೈಡ್ ಜೊತೆಗೂ ಹೋಗುತ್ತದೆ. ಎರಡೂ ಕರಗುವ ವೇಗದ ವ್ಯತ್ಯಾಸದಿಂದ ಎಷ್ಟು ಇಂಧನ ಸುಟ್ಟಿತು ಎಂದು ತಿಳಿಯುತ್ತದೆ. 1950ರ ದಶಕದಲ್ಲಿ ಪ್ರಾಣಿಗಳ ಮೇಲೆ ನಡೆದ ಈ ಪ್ರಯೋಗ ಮನುಷ್ಯರ ಮೇಲೆ ಮೊದಲು ಬಳಕೆಯಾಗಿದ್ದು 1982ರಲ್ಲಿ. ವಾಚುಗಳ ಪರೀಕ್ಷೆಗೂ ಇದೇ ಒರೆಗಲ್ಲು. ನೀರು ದುಬಾರಿ, ಆದ್ದರಿಂದ ಇಂಥ ಪರೀಕ್ಷೆಗಳಲ್ಲಿ ಜನ ಕಡಿಮೆ.

ಒಂದೇ ಮಾತಿನಲ್ಲಿ ಹೇಳಿ, ಎಷ್ಟು ತಪ್ಪು?

ಒಂದೇ ಮಾತಿನಲ್ಲಿ ಆಗುವುದಿಲ್ಲ, ಎರಡು ಅಧ್ಯಯನಗಳನ್ನು ಹೇಳುತ್ತೇನೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 60 ಜನರ ಕೈಗೆ ಏಳು ಬಗೆಯ ಸಾಧನ ಕಟ್ಟಿ ನಡೆಸಿದರು, ಓಡಿಸಿದರು, ಸೈಕಲ್ ತುಳಿಸಿದರು. ಫಲಿತಾಂಶ ಬಂದದ್ದು 2017ರಲ್ಲಿ. ನಾಡಿಬಡಿತದಲ್ಲಿ ಏಳರಲ್ಲಿ ಆರು ಸಾಧನಗಳ ತಪ್ಪು 5 ಶೇಕಡಾದೊಳಗೆ ಇತ್ತು. ಕ್ಯಾಲೊರಿಗೆ ಬಂದರೆ ಒಂದೂ 20 ಶೇಕಡಾದೊಳಗೆ ಬರಲಿಲ್ಲ. ಇದ್ದುದರಲ್ಲಿ ಚೆನ್ನಾಗಿದ್ದ ಸಾಧನದ ತಪ್ಪು ಸುಮಾರು 27 ಶೇಕಡಾ, ಕೊನೆಯದರದ್ದು 93 ಶೇಕಡಾ. ಆ ಮಾದರಿಗಳೆಲ್ಲ ಈಗ ಹಳೆಯವು, ನಿಜ. ಆದರೆ ಹಸಿರು ದೀಪವೂ ಅಲುಗಾಟದ ಚಿಪ್ಪೂ ಈಗಿನ ವಾಚುಗಳಲ್ಲೂ ಅವೇ ಜಾತಿಯವು.

ಅದಕ್ಕೂ ಒಂದು ವರ್ಷ ಮೊದಲು ಜಪಾನಿನಲ್ಲಿ 19 ಜನರು 12 ಸಾಧನಗಳನ್ನು ಒಟ್ಟಿಗೇ ಧರಿಸಿ, ಮೇಲೆ ಹೇಳಿದ ಭಾರದ ನೀರು ಕುಡಿದು, 15 ದಿನ ತಮ್ಮ ಪಾಡಿಗೆ ತಾವು ಬದುಕಿದರು. ಅಲ್ಲಿ ಸಾಧನಗಳು ದಿನಕ್ಕೆ ಸರಾಸರಿ ಸುಮಾರು 70ರಿಂದ 590 ಕ್ಯಾಲೊರಿ ಕಡಿಮೆ ಹೇಳಿದವು.

ಅಂದರೆ "ವಾಚು ಯಾವಾಗಲೂ ಜಾಸ್ತಿ ತೋರಿಸುತ್ತದೆ" ಎಂದು ಜಿಮ್ಮಿನಲ್ಲಿ ಕೇಳಿಬರುವ ಮಾತೂ ಪೂರ್ತಿ ಸರಿಯಲ್ಲ. ಯಾವ ವಾಚು, ಯಾರ ಕೈ, ಯಾವ ಕೆಲಸ ಎನ್ನುವುದರ ಮೇಲೆ ತಪ್ಪು ಈ ಕಡೆಗೂ ವಾಲುತ್ತದೆ, ಆ ಕಡೆಗೂ ವಾಲುತ್ತದೆ.

ಇನ್ನೂ ಹಾಸಿಗೆಯಿಂದ ಎದ್ದಿಲ್ಲ, ಆಗಲೇ 400 ಕ್ಯಾಲೊರಿ ತೋರಿಸುತ್ತಿದೆ. ಇದೇನು?

ಅದು ನಿಮ್ಮ ಉಸಿರು, ಹೃದಯ, ಮಿದುಳು, ಯಕೃತ್ತಿನ ರಾತ್ರಿಪಾಳಿಯ ಸಂಬಳ. ಕೂತು ಕೆಲಸ ಮಾಡುವ ಹೆಚ್ಚಿನವರ ದಿನದ ಖರ್ಚಿನಲ್ಲಿ ಮೂರರಲ್ಲಿ ಎರಡು ಪಾಲು ಇದೇ. ಊಟ ಅರಗಿಸುವುದಕ್ಕೆ ಇನ್ನೊಂದು 10 ಶೇಕಡಾ. ನಾವು ಬೆವರು ಸುರಿಸಿ ಗಳಿಸುವುದು ಉಳಿದ ಚೂರು.

ತಮಾಷೆ ಎಂದರೆ ಈ ದೊಡ್ಡ ಪಾಲನ್ನು ವಾಚು ನೋಡುವುದೇ ಇಲ್ಲ, ನೀವು ತುಂಬಿದ ವಿವರದಿಂದ ಸೂತ್ರ ಹಾಕುತ್ತದೆ. 45 ವರ್ಷದ, 60 ಕೆ.ಜಿ. ತೂಕದ, 158 ಸೆಂ.ಮೀ. ಎತ್ತರದ ಒಬ್ಬ ಮಹಿಳೆಯನ್ನು ತೆಗೆದುಕೊಳ್ಳಿ. 1990ರ ಮಿಫ್ಲಿನ್ ಸೂತ್ರದ ಪ್ರಕಾರ ಆಕೆಯ ವಿಶ್ರಾಂತಿಯ ಖರ್ಚು ದಿನಕ್ಕೆ ಸುಮಾರು 1,200. 1919ರ ಹ್ಯಾರಿಸ್-ಬೆನೆಡಿಕ್ಟ್ ಸೂತ್ರ ಹಾಕಿದರೆ 1,310. ವಿಶ್ವ ಆರೋಗ್ಯ ಸಂಸ್ಥೆಯ 1985ರ ಸೂತ್ರಕ್ಕೆ 1,350. ಒಬ್ಬಳೇ ಹೆಂಗಸು, ಇನ್ನೂ ಕಣ್ಣು ಬಿಟ್ಟಿಲ್ಲ, ಆಗಲೇ 150 ಕ್ಯಾಲೊರಿ ವ್ಯತ್ಯಾಸ.

ಈ ಸೂತ್ರಗಳು ನಮ್ಮ ಮೈಗೆ ಹೊಂದುತ್ತವೆಯೇ?

ಒಳ್ಳೆಯ ಪ್ರಶ್ನೆ, ಇದಕ್ಕೆ ಉತ್ತರ ಹುಡುಕಿದವರಲ್ಲಿ ಬೆಂಗಳೂರಿನವರೇ ಮುಂದೆ ಇದ್ದರು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1990ರ ದಶಕದ ಆರಂಭದಲ್ಲೇ ಭಾರತೀಯರ ವಿಶ್ರಾಂತಿಯ ಖರ್ಚನ್ನು ಅಳೆದು, ಅಂತರರಾಷ್ಟ್ರೀಯ ಸೂತ್ರಗಳು ನಮ್ಮವರಿಗೆ ಹೆಚ್ಚು ಲೆಕ್ಕ ಕೊಡುತ್ತವೆ ಎಂದು ತೋರಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಬಳಸಿದ ಭಾರತೀಯ ಸೂತ್ರಗಳು ವಿಶ್ವ ಆರೋಗ್ಯ ಸಂಸ್ಥೆಯವಕ್ಕಿಂತ 5 ಶೇಕಡಾ ಕಡಿಮೆ. ಮೇಲಿನ ಮಹಿಳೆಗೇ ಅದನ್ನು ಹಾಕಿದರೆ 8.3 × 60 + 788, ಅಂದರೆ 1,286.

ಕಾರಣಗಳಲ್ಲಿ ಒಂದು ಮೈಕಟ್ಟು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೊವನ್ನೇ ಹಾಕಿಕೊಂಡರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಕೂಡ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು 9.1 ಶೇಕಡಾ, ಯಾಜ್ಞಿಕರ ಮೈಯಲ್ಲಿ 21.2. ತೂಕ, ಎತ್ತರ ಮಾತ್ರ ಗೊತ್ತಿರುವ ವಾಚಿಗೆ ಇವರಿಬ್ಬರ ನಡುವಿನ ವ್ಯತ್ಯಾಸ ಹೇಗೆ ಕಂಡೀತು? ಸ್ನಾಯು ಕೂತಲ್ಲೂ ಕೊಬ್ಬಿಗಿಂತ ಹೆಚ್ಚು ಇಂಧನ ಬೇಡುತ್ತದೆ. ನಮ್ಮ ಹೊಟ್ಟೆ ಸಣ್ಣಗೆ ಮುಂದೆ ಬಂದು ಕೈಕಾಲು ಕಡ್ಡಿಯಾಗಿದ್ದರೆ ವಾಚು ನಮಗೆ ಸ್ವಲ್ಪ ಉದಾರವಾಗಿ ಲೆಕ್ಕ ಕೊಡುತ್ತಿರುವ ಸಂಭವ ಹೆಚ್ಚು.

ರೊಟ್ಟಿ ಬಡಿದರೆ ಹೆಜ್ಜೆ ಯಾಕೆ ಏರುತ್ತದೆ?

ಇದು ನಮ್ಮ ಮನೆಯಲ್ಲೇ ಎದ್ದ ಪ್ರಶ್ನೆ. ತಮ್ಮ ಬೆಂಗಳೂರಿನಿಂದ ಬರುವಾಗ ಅವ್ವನಿಗೆ ಒಂದು ವಾಚು ತಂದುಕೊಟ್ಟ. ಮರುದಿನ ಮನೆಗೆ ಹತ್ತು ಮಂದಿ ಊಟಕ್ಕೆ. ಅವ್ವ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತು ಮೂವತ್ತು ಜೋಳದ ರೊಟ್ಟಿ ಬಡಿದಳು. ಎದ್ದು ಕೈ ತೊಳೆಯುವ ಹೊತ್ತಿಗೆ ವಾಚು ಗುರ್ ಎಂದು ನಡುಗಿ ಶಭಾಷ್ ಎಂದಿತು. "ಕುಂತಲ್ಲೇ ಕುಂತೇನಿ, ಎರಡು ಸಾವಿರ ಹೆಜ್ಜಿ ಆತಂತ. ಇದಕ್ಕ ಕಣ್ಣು ಕಾಣ್ತಾವೋ ಇಲ್ಲೋ?" ಎಂದು ಕೇಳಿದಳು.

ಕಾಣುವುದಿಲ್ಲ, ಅದೇ ಸಮಸ್ಯೆ. ಒಂದೆರಡು ಸಲ ಕೈ ಆಡಿಸಿದರೆ ಹೆಜ್ಜೆ ಎಂದು ಎಣಿಸದಿರುವಷ್ಟು ಜಾಣತನ ಹೆಚ್ಚಿನ ವಾಚುಗಳಿಗೆ ಇದೆ. ಒಂದೇ ಲಯದಲ್ಲಿ ಸತತವಾಗಿ ಬಂದದ್ದನ್ನೇ ನಡಿಗೆ ಎನ್ನುತ್ತವೆ. ರೊಟ್ಟಿ ಬಡಿಯುವ ಕೈಗೆ ನಡಿಗೆಗಿಂತಲೂ ಶುದ್ಧವಾದ ಲಯ ಇರುತ್ತದೆ! ಭಜನೆಯ ಚಪ್ಪಾಳೆ, ತಾಳ, ಗುಂಡಿ ಬಿದ್ದ ರಸ್ತೆಯಲ್ಲಿ ಸ್ಕೂಟರ್ ಸವಾರಿ, ಇವೂ ಕೆಲವೊಮ್ಮೆ ಹಾಗೇ ಮೋಸ ಮಾಡುತ್ತವೆ.

ಇದರ ತಿರುವುಮುರುವು ನನಗೆ ಹೆಚ್ಚು ಅನ್ಯಾಯ ಎನಿಸುತ್ತದೆ. ಎರಡು ಕೈಯಲ್ಲಿ ತುಂಬಿದ ಕೊಡ ಹಿಡಿದು ನಡೆದರೆ ಕೈ ಅಲುಗುವುದಿಲ್ಲ. ಪಂಕ್ಚರ್ ಆದ ಗಾಡಿಯನ್ನು ತಳ್ಳಿಕೊಂಡು ಹೋದರೆ ಕೈ ಹ್ಯಾಂಡಲ್ ಮೇಲೆ. ಅಂಥ ಹೆಜ್ಜೆಗಳಲ್ಲಿ ಎಷ್ಟೋ ವಾಚಿನ ಲೆಕ್ಕಕ್ಕೆ ಸಿಗುವುದಿಲ್ಲ. ಹೊತ್ತ ಭಾರವಂತೂ ಅದಕ್ಕೆ ಗೊತ್ತೇ ಆಗುವುದಿಲ್ಲ.

ನಾಡಿಬಡಿತ ಸರಿಯಾಗಿ ಹಿಡಿಯುತ್ತದೆ ಎಂದಿರಿ. ಮತ್ತೆ ಕ್ಯಾಲೊರಿ ಯಾಕೆ ತಪ್ಪುತ್ತದೆ?

ಹೃದಯ ಕ್ಯಾಲೊರಿ ಸುಡುವುದಕ್ಕೆಂದೇ ಬಡಿಯುವುದಿಲ್ಲ. ಬಿರುಸಿನ ನಡಿಗೆ, ಓಟದಂಥ ಒಂದೇ ಸಮನೆ ಸಾಗುವ ಶ್ರಮದಲ್ಲಿ ನಾಡಿಬಡಿತವೂ ಆಮ್ಲಜನಕದ ಬಳಕೆಯೂ ಜೊತೆಜೊತೆಗೆ ಏರುತ್ತವೆ. ಅಲ್ಲಿ ವಾಚಿನ ಅಂದಾಜು ಪರವಾಗಿಲ್ಲ. ಆದರೆ ಏಪ್ರಿಲ್ ತಿಂಗಳ ರಾಯಚೂರಿನ ಬಿಸಿಲಿಗೆ ನಾಡಿ ಏರುತ್ತದೆ, ಸ್ಟ್ರಾಂಗ್ ಕಾಫಿಗೆ, ಜ್ವರಕ್ಕೆ, ಕೊನೆಯ ಓವರಿಗೆ, ಬಾಸ್ ಫೋನಿಗೂ ಏರುತ್ತದೆ. ಇವುಗಳಲ್ಲಿ ಸ್ನಾಯು ಕೆಲಸ ಮಾಡಿಲ್ಲ. ಜ್ವರದಲ್ಲಿ ಸುಡುವುದು ನಿಜಕ್ಕೂ ಸ್ವಲ್ಪ ಹೆಚ್ಚುತ್ತದೆ, ಫೋನಿನಿಂದ ಅಷ್ಟೇನೂ ಇಲ್ಲ.

ಇನ್ನೊಂದು: ಅದೇ ನಿಮಿಷಕ್ಕೆ 130 ಬಡಿತಕ್ಕೆ ದಿನಾ ಓಡುವವರು ಎಷ್ಟೋ ಹೆಚ್ಚು ರಕ್ತ ಪಂಪ್ ಮಾಡುತ್ತಾರೆ, ಕುರ್ಚಿಯವರು ಕಡಿಮೆ. ಬಡಿತ ಒಂದೇ, ಖರ್ಚು ಬೇರೆ.

ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತೇನೆ. ಲೆಕ್ಕ ಬದಲಾಗುತ್ತದೆಯೇ?

ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆಗಳು ನಾಡಿಯನ್ನು ನಿಧಾನ ಮಾಡುತ್ತವೆ. ಅಷ್ಟೇ ಶ್ರಮಕ್ಕೆ ವಾಚು ಕಡಿಮೆ ತೋರಿಸಬಹುದು. ವಾಚಿನ ಅಂಕಿ ಏರಿಸಲೆಂದು ಮಾತ್ರೆ ಬಿಡಬೇಡಿ, ಅಂಥವರನ್ನೂ ನೋಡಿದ್ದೇನೆ.

ಯಾವ ವ್ಯಾಯಾಮಕ್ಕೆ ಲೆಕ್ಕ ಹತ್ತಿರ, ಯಾವುದಕ್ಕೆ ದೂರ?

ಸಪಾಟು ರಸ್ತೆಯ ನಡಿಗೆ ಮತ್ತು ಓಟಕ್ಕೆ ವಾಚೇ ಬೇಕಿಲ್ಲ. ಓಟಕ್ಕೆ ಪ್ರತಿ ಕೆ.ಜಿ. ತೂಕಕ್ಕೆ ಪ್ರತಿ ಕಿಲೋಮೀಟರಿಗೆ ಸುಮಾರು 1 ಕ್ಯಾಲೊರಿ. 65 ಕೆ.ಜಿ.ಯವರು 5 ಕಿ.ಮೀ. ಓಡಿದರೆ ಸುಮಾರು 325. ಬೇಗ ಓಡಿದರೂ ನಿಧಾನ ಓಡಿದರೂ ಈ ಲೆಕ್ಕ ಹೆಚ್ಚೇನೂ ಬದಲಾಗದು. ನಿಮ್ಮ ವಾಚು ಇದಕ್ಕೆ 500 ತೋರಿಸಿದರೆ ಅನುಮಾನಪಡಿ.

ಮೆಟ್ಟಿಲು ಬಂದಾಗ ಕಥೆ ಬೇರೆ. 70 ಕೆ.ಜಿ. ಮೈಯನ್ನು 200 ಮೀಟರ್ ಮೇಲಕ್ಕೆ ಎತ್ತಲು ಭೌತಶಾಸ್ತ್ರದ ಪ್ರಕಾರ ಬೇಕಾದದ್ದು 33 ಕ್ಯಾಲೊರಿ. ಆದರೆ ಸ್ನಾಯು ಸುಟ್ಟ ಇಂಧನದಲ್ಲಿ 20ರಿಂದ 25 ಶೇಕಡಾ ಮಾತ್ರ ಕೆಲಸವಾಗುತ್ತದೆ, ಉಳಿದದ್ದು ಬೆವರಿಳಿಸುವ ಶಾಖ. ಆದ್ದರಿಂದ ನಿಜವಾದ ಖರ್ಚು 130ರಿಂದ 165. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವಾಗಲೂ ಇಳಿಯುವಾಗಲೂ ಹೆಜ್ಜೆ ಅಷ್ಟೇ, ಖರ್ಚು ಮಾತ್ರ ಅಜಗಜಾಂತರ. ಎತ್ತರ ತಿಳಿಯುವ ಬ್ಯಾರೋಮೀಟರ್ ಇಲ್ಲದ ವಾಚಿಗೆ ನಾಡಿಬಡಿತವೊಂದೇ ಸುಳಿವು.

ಜಿಮ್ಮಿನ ತೂಕ ಎತ್ತುವಿಕೆಯಲ್ಲಿ ವಾಚು ತೀರಾ ಬಡವ. ಬಿಗಿಯಾಗಿ ರಾಡ್ ಹಿಡಿದಾಗ ಮಣಿಕಟ್ಟಿನ ಸ್ನಾಯು ಉಬ್ಬಿ ಹಸಿರು ದೀಪಕ್ಕೆ ಅಡ್ಡಿಯಾಗುತ್ತದೆ. ಉಸಿರು ಬಿಗಿಹಿಡಿದು ಎತ್ತಿದಾಗ ನಾಡಿ ಏರಿದಷ್ಟು ಆಮ್ಲಜನಕದ ಬಳಕೆ ಏರುವುದಿಲ್ಲ. ಯೋಗಾಸನಕ್ಕೂ ಹೆಚ್ಚುಕಡಿಮೆ ಇದೇ ಮಾತು.

ಸೈಕಲ್ಲಿಗೆ ಪವರ್ ಮೀಟರ್ ಹಾಕಿಸಿಕೊಂಡವರು ಅದೃಷ್ಟವಂತರು. ಅದು ಪೆಡಲ್ಲಿಗೆ ಬಿದ್ದ ಬಲವನ್ನೇ ಅಳೆಯುತ್ತದೆ. ಒಂದು ಕ್ಯಾಲೊರಿ ಅಂದರೆ 4.184 ಕಿಲೋಜೂಲ್, ಮೈಯ ದಕ್ಷತೆ ಸುಮಾರು ನಾಲ್ಕರಲ್ಲಿ ಒಂದು ಪಾಲು. ಎರಡೂ ಒಂದನ್ನೊಂದು ಹೊಡೆದುಹಾಕಿ, ಮೀಟರಿನಲ್ಲಿ 500 ಕಿಲೋಜೂಲ್ ಕಂಡರೆ ನೀವು ಸುಟ್ಟದ್ದೂ ಸುಮಾರು 500 ಕ್ಯಾಲೊರಿ.

ಚರ್ಮದ ಬಣ್ಣ, ಹಚ್ಚೆ ಇವುಗಳಿಂದ ತೊಂದರೆಯೇ?

ಹಚ್ಚೆಯ ಮಸಿ ಬೆಳಕನ್ನು ನುಂಗುತ್ತದೆ, ಅದರ ಮೇಲೆ ವಾಚು ಕಟ್ಟಬೇಡಿ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಹಸಿರು ಬೆಳಕನ್ನು ಹೀರುತ್ತದೆ. ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ ಕಪ್ಪು ಮೈಬಣ್ಣದವರಲ್ಲಿ, ಬಿಎಂಐ ಹೆಚ್ಚಿದ್ದವರಲ್ಲಿ ಸಾಧನಗಳು ಹೆಚ್ಚು ತಪ್ಪಿದವು. ಪಟ್ಟಿಯನ್ನು ಮಣಿಕಟ್ಟಿನ ಮೂಳೆಯಿಂದ ಒಂದೆರಡು ಬೆರಳು ಮೇಲೆ, ಜಾರದ ಹಾಗೆ ಕಟ್ಟಿದರೆ ಸ್ವಲ್ಪ ಸುಧಾರಿಸುತ್ತದೆ.

ಒಟ್ಟು ಕ್ಯಾಲೊರಿ, ಆ್ಯಕ್ಟಿವ್ ಕ್ಯಾಲೊರಿ: ಯಾವುದನ್ನು ನೋಡಬೇಕು?

ಇಲ್ಲಿ ಎಡವುವವರೇ ಹೆಚ್ಚು. 60 ಕೆ.ಜಿ.ಯವರು 45 ನಿಮಿಷ ಚುರುಕಾಗಿ ನಡೆದರೆ ಒಟ್ಟು ಖರ್ಚು ಸುಮಾರು 157. ಆದರೆ ಆ 45 ನಿಮಿಷ ಸೋಫಾ ಮೇಲೆ ಕೂತಿದ್ದರೂ 45 ಖರ್ಚಾಗುತ್ತಿತ್ತು. ನಡಿಗೆಯಿಂದ ಬಂದ ಹೆಚ್ಚುವರಿ 112 ಮಾತ್ರ, ಅದೇ ಆ್ಯಕ್ಟಿವ್ ಕ್ಯಾಲೊರಿ. ಆ್ಯಪಲ್ ವಾಚಿನ ಕೆಂಪು ಉಂಗುರ ಆ್ಯಕ್ಟಿವ್ ಕ್ಯಾಲೊರಿಯನ್ನಷ್ಟೇ ಎಣಿಸುತ್ತದೆ. ಫಿಟ್‌ಬಿಟ್ ಮಧ್ಯರಾತ್ರಿಯಿಂದ ಒಟ್ಟು ಲೆಕ್ಕ ಕೂಡಿಸುತ್ತ ಬರುತ್ತದೆ. ಗಂಡ ಹೆಂಡತಿ ಬೇರೆ ಬೇರೆ ಕಂಪನಿಯ ವಾಚು ಕಟ್ಟಿಕೊಂಡು ಪಂದ್ಯ ಹೂಡುವ ಮೊದಲು ಇದನ್ನು ನೋಡಿಕೊಳ್ಳಿ.

ವಾಚು 400 ಸುಟ್ಟಿದೆ ಅಂದರೆ 400 ಹೆಚ್ಚಿಗೆ ತಿನ್ನಬಹುದೇ?

ಬೇಡ. ಮೇಲಿನ 112ನ್ನೇ ನೋಡಿ. ಪಲ್ಯಕ್ಕೆ ಒಂದು ದೊಡ್ಡ ಚಮಚ, ಅಂದರೆ 15 ಮಿ.ಲೀ. ಎಣ್ಣೆ ಜಾಸ್ತಿ ಬಿದ್ದರೆ 120 ಕ್ಯಾಲೊರಿ. ಮುಕ್ಕಾಲು ಗಂಟೆಯ ನಡಿಗೆ ಒಂದು ಒಗ್ಗರಣೆಯಲ್ಲಿ ಮಾಯ. ವಾಚಿನ ಲೆಕ್ಕದಲ್ಲಿ ತಪ್ಪಿದೆ, ತಟ್ಟೆಯ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ತಪ್ಪಿದೆ. ಒಂದರಿಂದ ಇನ್ನೊಂದನ್ನು ಕಳೆದರೆ ಏನು ಉಳಿದೀತು?

ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ತೂಕ ಇಳಿಸಲು ಬಂದ 471 ಯುವಜನರ ಮೇಲೆ ಎರಡು ವರ್ಷ ಅಧ್ಯಯನ ನಡೆಯಿತು, 2016ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಆಹಾರ, ವ್ಯಾಯಾಮದ ಸಲಹೆ ಇತ್ತು. ಅರ್ಧ ಜನರಿಗೆ ಆರು ತಿಂಗಳ ನಂತರ ತೋಳಿಗೆ ಕಟ್ಟುವ ಸಾಧನವನ್ನೂ ಕೊಟ್ಟರು. ಕೊನೆಗೆ ಸಾಧನ ಇದ್ದವರು ಇಳಿಸಿದ್ದು ಸರಾಸರಿ 3.5 ಕೆ.ಜಿ., ಇಲ್ಲದವರು 5.9. ಸಾಧನದಿಂದಲೇ ಹೀಗಾಯಿತು ಎನ್ನಲು ಕಾರಣ ಖಚಿತವಾಗಲಿಲ್ಲ. ಆದರೂ ವಾಚು ಕೊಂಡ ಮಾತ್ರಕ್ಕೆ ತೂಕ ಇಳಿಯುತ್ತದೆ ಎನ್ನುವ ಜಾಹೀರಾತಿನ ನಗು ನೋಡಿದಾಗಲೆಲ್ಲ ನನಗೆ ಈ ಎರಡು ಅಂಕಿ ನೆನಪಾಗುತ್ತವೆ.

ಹೆಚ್ಚು ನಡೆದಷ್ಟೂ ದಿನದ ಒಟ್ಟು ಖರ್ಚು ಹೆಚ್ಚುತ್ತಲೇ ಹೋಗುತ್ತದೆಯೇ?

ವಾಚಿನ ಸೂತ್ರ ಹಾಗೆಂದೇ ನಂಬಿದೆ. ಮೈ ಮಾತ್ರ ಅಷ್ಟು ಸರಳವಲ್ಲ. ಟಾಂಜಾನಿಯಾದ ಹಡ್ಜಾ ಜನ ಇಂದಿಗೂ ಬೇಟೆ, ಗೆಡ್ಡೆ, ಜೇನು ಹುಡುಕಿ ದಿನವೂ ಮೈಲುಗಟ್ಟಲೆ ಅಲೆಯುವವರು. ಅಮೆರಿಕದ ಮಾನವಶಾಸ್ತ್ರಜ್ಞ ಹರ್ಮನ್ ಪಾಂಟ್ಜರ್ ತಂಡ ಅವರಿಗೆ ಭಾರದ ನೀರು ಕುಡಿಸಿ ಅಳೆದು 2012ರಲ್ಲಿ ಹೇಳಿದ್ದೇನೆಂದರೆ, ಮೈಯ ಗಾತ್ರವನ್ನು ಲೆಕ್ಕಕ್ಕೆ ಹಿಡಿದರೆ ಅವರ ದಿನದ ಖರ್ಚು ಅಮೆರಿಕ, ಯೂರೋಪಿನವರದ್ದಕ್ಕಿಂತ ಬೇರೆಯಲ್ಲ. ಶ್ರಮ ಹೆಚ್ಚಾದಾಗ ದೇಹ ಬೇರೆ ಬಾಬತ್ತುಗಳಲ್ಲಿ ಉಳಿತಾಯ ಮಾಡುತ್ತದೆ ಎನ್ನುವುದು ಪಾಂಟ್ಜರ್ ವಾದ. ಎಷ್ಟರಮಟ್ಟಿಗೆ ಎಂಬ ಬಗ್ಗೆ ತಜ್ಞರಲ್ಲಿ ಜಗಳ ಇದೆ. ನಡಿಗೆಯಿಂದ ಹೃದಯಕ್ಕೆ, ಸಕ್ಕರೆಗೆ ಆಗುವ ಲಾಭದ ಬಗ್ಗೆ ಜಗಳವಿಲ್ಲ.

10,000 ಹೆಜ್ಜೆ ಹಾಕಲೇಬೇಕೇ?

ಅದು ವೈದ್ಯರು ಕೊಟ್ಟ ಅಂಕಿಯಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಕೆಯ ಯಂತ್ರದ ಹೆಸರೇ "ಹತ್ತು ಸಾವಿರ ಹೆಜ್ಜೆಯ ಮಾಪಕ" ಎಂದಿತ್ತು.

ದುಬಾರಿ ವಾಚು ಕೊಂಡರೆ ಲೆಕ್ಕ ಸರಿಯಾಗುತ್ತದೆಯೇ?

ಪರದೆ, ಜಿಪಿಎಸ್, ಬ್ಯಾಟರಿ ಚೆನ್ನಾಗಿರುತ್ತವೆ. ಕ್ಯಾಲೊರಿಗೆ ಅಂಥ ಖಾತ್ರಿ ಇಲ್ಲ.

ಸರಿ, ನನ್ನ ವಾಚಿನ ತಪ್ಪು ಎಷ್ಟೆಂದು ನಾನೇ ಕಂಡುಹಿಡಿಯಬಹುದೇ?

ತಕ್ಕಮಟ್ಟಿಗೆ ಹೌದು. ಒಂದು ನೋಟ್‌ಬುಕ್, ಒಂದು ತೂಕದ ಯಂತ್ರ, 28 ದಿನದ ತಾಳ್ಮೆ ಸಾಕು. ದಿನಾ ತಿಂದದ್ದನ್ನು ಬರೆಯಿರಿ. ದಿನಾ ಬೆಳಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು ತೂಕ ನೋಡಿ. ಒಂದು ದಿನದ ತೂಕಕ್ಕೆ ಬೆಲೆ ಕೊಡಬೇಡಿ; ರಾತ್ರಿ ಉಪ್ಪಿನಕಾಯಿ ಹೆಚ್ಚಾದರೆ ಮರುದಿನ ಅರ್ಧ ಕಿಲೋ ನೀರು ಕೂತಿರುತ್ತದೆ, ಮುಟ್ಟಿನ ದಿನಗಳ ಆಸುಪಾಸಿನಲ್ಲೂ ಹಾಗೇ. ಮೊದಲ ವಾರದ ಸರಾಸರಿಯನ್ನು ಕೊನೆಯ ವಾರದ ಸರಾಸರಿಯೊಂದಿಗೆ ಹೋಲಿಸಿ.

ನನ್ನದೇ ಒಂದು ತಿಂಗಳ ಪುಟ: ತಿಂದದ್ದು ದಿನಕ್ಕೆ ಸರಾಸರಿ 1,850. ಎರಡು ಸರಾಸರಿಗಳ ನಡುವಿನ 21 ದಿನಗಳಲ್ಲಿ ಇಳಿದ ತೂಕ 0.4 ಕೆ.ಜಿ. ಒಂದು ಕೆ.ಜಿ. ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಹಿಡಿದರೆ 0.4ಕ್ಕೆ 3,080, 21ರಿಂದ ಭಾಗಿಸಿದರೆ ದಿನಕ್ಕೆ 147. ಅಂದರೆ ನನ್ನ ನಿಜವಾದ ಖರ್ಚು ಸುಮಾರು 2,000. ವಾಚು ಹೇಳಿದ್ದು 2,380. ಅಲ್ಲಿಂದ ಮುಂದೆ ವಾಚಿನ ಅಂಕಿಯಲ್ಲಿ ಆರನೇ ಒಂದು ಪಾಲು ಕಳೆದೇ ಓದುತ್ತೇನೆ.

ತಿಂದದ್ದನ್ನು ನಾನು ಕಡಿಮೆ ಬರೆದಿರಬಹುದಲ್ಲ ಎಂದು ಕೇಳಬಹುದು. ಖಂಡಿತ ಬರೆದಿದ್ದೇನೆ, ಮದುವೆಮನೆಯ ಎರಡನೇ ಹೋಳಿಗೆ ಯಾರ ನೋಟ್‌ಬುಕ್ಕಿಗೂ ಬರುವುದಿಲ್ಲ. ಆದರೆ ಮುಂದಿನ ತಿಂಗಳೂ ಅದೇ ಕೈ ಅದೇ ರೀತಿ ಕಡಿಮೆ ಬರೆಯುತ್ತದೆ. ನನ್ನ ತಪ್ಪು, ವಾಚಿನ ತಪ್ಪು ಎರಡೂ ಸೇರಿಯೇ ಆ ಆರನೇ ಒಂದು ಪಾಲು ಬಂದದ್ದು, ಆದ್ದರಿಂದ ನನ್ನ ಮನೆಯ ಮಟ್ಟಿಗೆ ಅದು ನಡೆಯುತ್ತದೆ. ನಿಮ್ಮ ಮನೆಗೆ ನಿಮ್ಮದೇ ಲೆಕ್ಕ ಹಾಕಿಕೊಳ್ಳಿ.

ವಾಚು ಬಿಚ್ಚಿಟ್ಟಾಗ ಲೆಕ್ಕ ನಿಲ್ಲುತ್ತದೆಯೇ?

ನನ್ನ ವಾಚಿನದ್ದು ನಿಲ್ಲುವುದಿಲ್ಲ. ಒಂದು ಭಾನುವಾರ ಚಾರ್ಜಿಗೆ ಹಾಕಿ ಫ್ರಿಜ್ ಮೇಲೆ ಮರೆತು ಊರಿಗೆ ಹೋದೆ. ಸೋಮವಾರ ಸಂಜೆ ಬಂದು ಆ್ಯಪ್ ತೆರೆದರೆ ಭಾನುವಾರದ ಹೆಜ್ಜೆ ಸೊನ್ನೆ, ಕ್ಯಾಲೊರಿ 1,490. ಫ್ರಿಜ್ಜಿನ ವಯಸ್ಸು, ಎತ್ತರ, ತೂಕ ಅದಕ್ಕೆ ಕೊಟ್ಟಿರಲಿಲ್ಲ, ನನ್ನದನ್ನೇ ಹಿಡಿದುಕೊಂಡಿತ್ತು.